ಬಿಳಿ ಶಾಲು ಹೊದ್ದ ದೇಶ

ಜುಲೈ 9, 2025, ಬುಧವಾರ

ಇವತ್ತಿನಿಂದ ನಾನು ಭೂಗೋಳದ ಟೀಚರ್ ಅಲ್ಲ, ಮಾಹಿತಿ ಅಧಿಕಾರಿ. ಹೆಸರು ದೊಡ್ಡದು. ಕಚೇರಿ ಮಾತ್ರ ಬೆಳಗಾವಿ ಕಾಲೇಜು ರಸ್ತೆಯ ಹಳೇ ಕಟ್ಟಡವೊಂದರ ಮಹಡಿಯ ಮೇಲಿನ ಎರಡು ಕೋಣೆ. ಡಾಕ್ಟರಿಕೆ ಓದಲು ಮಕ್ಕಳನ್ನು ಕಿರ್ಗಿಸ್ತಾನಕ್ಕೆ ಕಳಿಸುವ ಸಂಸ್ಥೆ ಇದು. ನಡೆಸುವವರು ಪರಾಗ ಸರ್. ಮೆತ್ತಗೆ ಮಾತಾಡುತ್ತಾರೆ. ಚಹಾ ಬಂದರೆ ಮೊದಲ ಕಪ್ಪನ್ನು ನನ್ನ ಕಡೆ ಸರಿಸುತ್ತಾರೆ. ಶಾಲೆಯವರು ಈ ವರ್ಷ ಅತಿಥಿ ಶಿಕ್ಷಕರು ಬೇಡ ಎಂದು ಹೇಳಿ ಕಳಿಸಿದಾಗ ಯಾರೂ ಕುಳಿತುಕೊಳ್ಳಿ ಎಂದಿರಲಿಲ್ಲ.

ಆ ದೇಶವನ್ನು ಕನ್ನಡದಲ್ಲಿ ಪರಿಚಯಿಸುವ ಪುಸ್ತಿಕೆಯೊಂದನ್ನು ನಾನು ಬರೆಯಬೇಕು. ಅಲ್ಲಿನ ನಿಸರ್ಗ, ರಾಷ್ಟ್ರಚಿಹ್ನೆಗಳು, ನೋಡುವ ಸ್ಥಳಗಳು. ಆಮೇಲೆ ಊರೂರಿಗೆ ಹೋಗಿ ಪಾಲಕರ ಮುಂದೆ ಅದನ್ನೇ ಮಾತಾಡಬೇಕು. ಕಾಲೇಜಿನ ವಿಚಾರ ಪರಾಗ ಸರ್ ನೋಡಿಕೊಳ್ಳುತ್ತಾರೆ.

“ನೀವು ದೇಶ ಅಷ್ಟ ಹೇಳ್ರಿ ಮೇಡಂ,” ಎಂದರು. “ತಾಯಿ ತಂದಿಗೆ ಅದು ಪರದೇಶ ಅನಸಬಾರದು. ಬಾಜೂ ಊರು ಅನಸಬೇಕು.”

ಮನೆಯಲ್ಲಿ ಅಣ್ಣ ಆತಿಫ ಭಾಯಿಗೆ ಹೇಳಿದೆ. ಮಚ್ಛೆಯ ಕಾರ್ಖಾನೆಯಿಂದ ಬಂದು ಕೈಯ ಗ್ರೀಸು ತಿಕ್ಕಿಕೊಳ್ಳುತ್ತಿದ್ದವನು ಶುಕ್ರ್ ಹೈ ಎಂದ. ಶಾಹಜಾದಿ ಭಾಭಿ ಶೀರಾ ಮಾಡಿದಳು. ಅವರ ಮಗಳು ಸಿಮ್ರನ ನನ್ನ ಹಳೇ ಗ್ಲೋಬನ್ನು ಕಪಾಟಿನ ಮೇಲಿಂದ ಇಳಿಸಿ ಆ ದೇಶವನ್ನು ಹುಡುಕುತ್ತ ಕೂತಳು. ಈ ಸಲದ ನೀಟ್ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ಎಲ್ಲಿಗೂ ಸಾಲದು. ಪಾಪ, ಆ ವಿಷಯ ಯಾರೂ ಎತ್ತಲಿಲ್ಲ.

ಜುಲೈ 17, ಗುರುವಾರ

ನಾನು ಶಾಲೆಯಲ್ಲಿ ಈ ದೇಶವನ್ನು ನಕಾಶೆಯ ಮೇಲೆ ಬೆರಳಿಟ್ಟು ದಾಟಿ ಹೋಗುತ್ತಿದ್ದೆ. ಎಂಥ ದೇಶವಿದು! ನೂರಕ್ಕೆ ತೊಂಬತ್ತರಷ್ಟು ಬೆಟ್ಟವೇ. ತಿಯಾನ್ ಶಾನ್ ಎಂದರೆ ಸ್ವರ್ಗದ ಪರ್ವತಗಳು ಎಂದರ್ಥವಂತೆ. ಅವುಗಳ ನಡುವೆ ಇಸಿಕ್-ಕುಲ್ ಎಂಬ ಸರೋವರ, ಕಡುಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಹೆಸರಿನ ಅರ್ಥವೇ ಬಿಸಿ ಸರೋವರ.

ಧ್ವಜ ಕೆಂಪು. ನಡುವೆ ನಲವತ್ತು ಕಿರಣಗಳ ಹಳದಿ ಸೂರ್ಯ, ಸೂರ್ಯನ ಎದೆಯಲ್ಲಿ ಅಲೆಮಾರಿಗಳ ಗುಡಾರದ ನೆತ್ತಿಯ ಬಳೆ. ಹೊಗೆ ಹೊರಗೆ ಹೋಗಲು, ಬೆಳಕು ಒಳಗೆ ಬರಲು ಬಿಡುವ ಕಿಂಡಿಯನ್ನು ಧ್ವಜದ ಮೇಲೆ ಇಟ್ಟುಕೊಂಡ ಜನ. ಲಾಂಛನದಲ್ಲಿ ರೆಕ್ಕೆ ಬಿಚ್ಚಿದ ಬಿಳಿ ಗಿಡುಗ. ಗಂಡಸರ ಬಿಳಿ ಉಣ್ಣೆಯ ಟೋಪಿಯನ್ನು ನೆಲದ ಮೇಲೆ ಇಡುವಂತಿಲ್ಲ, ಅದು ಅವರ ಮರ್ಯಾದೆ. ಹಿಮಚಿರತೆ ಕೂಡ ಈಗ ರಾಷ್ಟ್ರದ ಗುರುತು. ಓಶ್ ಎಂಬ ಊರಿನ ನಡುವೆ ಸುಲೈಮಾನ್ ಬೆಟ್ಟ. ಅದನ್ನು ಓದಿ ಹೇಳಿದಾಗ ಭಾಭಿ ತಲೆ ಮೇಲೆ ಸೆರಗು ಎಳೆದುಕೊಂಡಳು.

ಪ್ರತಿಯೊಂದು ಸಂಗತಿಯನ್ನೂ ಎರಡು ಕಡೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಪರಾಗ ಸರ್ ತಡವಾಗುತ್ತದೆ ಎಂದರು. ಆಗಲಿ. ತಪ್ಪು ಬರೆದ ಪುಸ್ತಕವನ್ನು ಮಕ್ಕಳ ಕೈಗೆ ನಾನು ಎಂದೂ ಕೊಟ್ಟವಳಲ್ಲ.

ಜುಲೈ 28, ಸೋಮವಾರ

ಪುಸ್ತಿಕೆ ಮುಗಿಯಿತು. ಪರಾಗ ಸರ್ ಪೂರಾ ಓದಿದರು. ಒಂದೇ ಒಂದು ಸಾಲಿಗೆ ಪೆನ್ಸಿಲ್ ಗುರುತು ಹಾಕಿದರು. ‘ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಇಳಿಯಬಹುದು’ ಎಂದು ಬರೆದಿದ್ದೆ.

“ಸುಳ್ಳ ಬರೀರಿ ಅಂತ ನಾ ಎಂದೂ ಹೇಳೂದಿಲ್ಲ ಮೇಡಂ. ಇದ್ದದ್ದನ್ನ ಛಂದ ಮಾಡಿ ಬರೀರಿ.”

ಅರ್ಧ ದಿನ ಯೋಚಿಸಿದೆ. ಕೊನೆಗೆ, ‘ಚಳಿಗಾಲದಲ್ಲಿ ಇಡೀ ದೇಶ ಬಿಳಿ ಶಾಲು ಹೊದೆಯುತ್ತದೆ’ ಎಂದು ತಿದ್ದಿದೆ. ಅದೂ ಸುಳ್ಳಲ್ಲ. ಓದಿದರೆ ಕಿವಿಗೆ ಹಿತವಾಗಿದೆ. ಸರ್ ಎರಡು ಸಲ ಜೋರಾಗಿ ಓದಿಕೊಂಡರು.

ಆಗಸ್ಟ್ 3, ಭಾನುವಾರ

ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಸಭೆ. ಹೊರಗೆ ಒಂದೇ ಸಮ ಮಳೆ, ಒಳಗೆ ಒದ್ದೆ ಛತ್ರಿಗಳ ವಾಸನೆ. ಕನ್ನಡದಲ್ಲಿ ಶುರು ಮಾಡಿದವಳು ಮುಂದಿನ ಸಾಲಿನವರ ಮುಖ ನೋಡಿ ಅರ್ಧ ಮರಾಠಿಗೆ ಹೊರಳಿದೆ. ಪರದೆಯ ಮೇಲೆ ಸರೋವರದ ನೀಲಿ ಬಂದಾಗ ಸಭೆ ಪೂರಾ ಸುಮ್ಮನಾಯಿತು. ಅಕ್ರೋಟಿನ ಕಾಡು, ಬುರಾನಾ ಗೋಪುರ, ರೇಷ್ಮೆ ಹಾದಿಯ ವ್ಯಾಪಾರಿಗಳು ತಂಗುತ್ತಿದ್ದ ಕಲ್ಲಿನ ಮುಸಾಫಿರಖಾನೆ. ತರಗತಿಯಲ್ಲಿ ನನಗೆ ಇಂಥ ಮೌನ ಸಿಕ್ಕಿದ್ದೇ ಇಲ್ಲ.

ಮುಗಿದ ಮೇಲೆ ಒಬ್ಬರು ಹತ್ತಿರ ಬಂದರು. ಕೃಷ್ಣಾಜಿ ಅಂತ, ಇಟ್ಟಂಗಿ ಭಟ್ಟಿಯವರು. ಹಿಂದೆ ಅವರ ಹೆಂಡತಿ ಸುಮನ್, ಮಗಳು ಶೀತಲ. ಹುಡುಗಿ ಎತ್ತರ, ತೆಳ್ಳಗೆ, ಮಾತಿಗೆ ಮುಂಚೆ ನಗುತ್ತಾಳೆ.

“ಅಕ್ಕೋರ, ಕಾಲೇಜಿಂದು ನನಗ ತಿಳ್ಯಾಂಗಿಲ್ಲ,” ಎಂದರು ಕೃಷ್ಣಾಜಿ. “ನೀವು ಸಾಲಿ ಕಲಿಸಿದವ್ರು. ನಿಮ್ಮ ಮನಿ ಹುಡುಗಿ ಇದ್ದರ ಕಳಸ್ತಿದ್ರೇನು, ಅಷ್ಟ ಹೇಳ್ರಿ.”

ಖಂಡಿತ ಕಳಿಸುತ್ತಿದ್ದೆ ಎಂದೆ. ಆ ಹೊತ್ತಿಗೆ ಅದು ಮನಸ್ಸಿನಿಂದಲೇ ಬಂದ ಮಾತು.

ಆಗಸ್ಟ್ 22, ಶುಕ್ರವಾರ

ಪುಸ್ತಿಕೆಯನ್ನು ನನ್ನ ದನಿಯಲ್ಲೇ ಓದಿಸಿ ವಿಡಿಯೊ ಮಾಡಿದ್ದಾರೆ. ಹಿಂದೆ ಮೂರು ತಂತಿಯ ಅವರ ವಾದ್ಯದ ಸದ್ದು. ಈಗ ಅದು ಊರೂರಿನ ಫೋನುಗಳಲ್ಲಿ ಓಡಾಡುತ್ತಿದೆಯಂತೆ. ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುವಾಗ ಒಬ್ಬಳು ನನ್ನ ದನಿ ಗುರುತಿಸಿದಳು. ಭಾಭಿಗೆ ಅದನ್ನು ಎರಡು ಸಲ ಹೇಳಿದೆ.

ಸೆಪ್ಟೆಂಬರ್ 21, ಭಾನುವಾರ

ಮೊದಲ ತಂಡ ಸಾಂಬ್ರಾ ವಿಮಾನ ನಿಲ್ದಾಣದಿಂದ ದಿಲ್ಲಿಗೆ ಹೊರಟಿತು. ಅಲ್ಲಿಂದ ಮುಂದೆ ಆ ದೇಶದ ರಾಜಧಾನಿ ಬಿಶ್ಕೆಕ್. ಶೀತಲ ನನ್ನ ಕಾಲಿಗೆ ನಮಸ್ಕರಿಸಿದಳು. ಅವಳ ಚೀಲದಲ್ಲಿ ಎರಡು ಸ್ವೆಟರ್ ಇವೆಯೆಂದು ಸುಮನ್ ಹೇಳಿದರು, ಒಂದನ್ನು ಅವರೇ ಹೆಣೆದದ್ದು. ಇನ್ನೊಬ್ಬ ಹುಡುಗ ರೋಹನ, ಹಿಂಡಲಗಾದವನು. ತಂದೆ ಇಲ್ಲ. ತಾಯಿ ಮಾಯಕ್ಕ ಬಸ್ ಕಂಡಕ್ಟರ್, ಡ್ಯೂಟಿಯಿಂದ ನೇರವಾಗಿ ಖಾಕಿಯಲ್ಲೇ ಬಂದಿದ್ದರು. ಮಗನ ಕಾಲರನ್ನು ಸರಿ ಮಾಡಿದ್ದೇ ಮಾಡಿದ್ದು.

ಅಕ್ಟೋಬರ್ 6, ಸೋಮವಾರ

ಫೋಟೊಗಳು ಬಂದಿವೆ. ಮಕ್ಕಳ ಹಿಂದೆ ನಿಜವಾದ ಹಿಮಶಿಖರ! ಆದರೆ ಊರು ಬಿಶ್ಕೆಕ್ ಅಲ್ಲ. ಅಲ್ಲಿಂದ ವ್ಯಾನಿನಲ್ಲಿ ಒಂದಿಡೀ ದಿನದ ದಾರಿಯಂತೆ. ಪರಾಗ ಸರ್‌ಗೆ ಕೇಳಿದೆ. ಹೊಸ ಕ್ಯಾಂಪಸ್, ಶಾಂತ ವಾತಾವರಣ, ಓದಿಗೆ ಒಳ್ಳೆಯದು ಎಂದರು. ಊರಿನ ಹೆಸರು ಬರೆದುಕೊಡಿ ಎಂದೆ, ನಕಾಶೆಯಲ್ಲಿ ನೋಡಲು. ನಗುತ್ತ, ನಿಮ್ಮ ಟೀಚರಿಕೆ ಇನ್ನೂ ಹೋಗಲಿಲ್ಲ ಎಂದರು. ಹೆಸರು ಬರೆದುಕೊಡಲಿಲ್ಲ. ನಾಳೆ ಮತ್ತೆ ಕೇಳಬೇಕು.

ಅಕ್ಟೋಬರ್ 23, ಗುರುವಾರ

ದೀಪಾವಳಿ ಸಡಗರದಲ್ಲಿ ಮರೆತೇಹೋಗಿತ್ತು. ಇವತ್ತು ಶೀತಲ ನನಗೇ ಫೋನು ಮಾಡಿದಳು. ಅಲ್ಲಿನ ಗಡಿಯಾರ ನಮಗಿಂತ ಅರ್ಧ ತಾಸು ಮುಂದೆ, ಹಾಗಾಗಿ ನನ್ನ ಊಟದ ಹೊತ್ತಿಗೆ ಅವಳ ಊಟ ಮುಗಿದಿರಬೇಕಿತ್ತು. ಮುಗಿದಿರಲಿಲ್ಲ. ಬ್ರೆಡ್ಡು ಮತ್ತು ಆಲೂಗಡ್ಡೆ ಸಾರು ಸಂಜೆಗೊಮ್ಮೆ ಬರುತ್ತದಂತೆ. ತರಗತಿ ಇನ್ನೂ ಶುರುವಾಗಿಲ್ಲ. ಪಾಸ್‌ಪೋರ್ಟುಗಳನ್ನು ಅಲ್ಲಿನ ಮೇಲ್ವಿಚಾರಕ ನೋಂದಣಿಗೆಂದು ತೆಗೆದುಕೊಂಡಿದ್ದಾನೆ. ಅಪ್ಪನ ಜೊತೆ ಮಾತಾಡುವಾಗ ಅವನು ಪಕ್ಕದಲ್ಲೇ ನಿಂತಿರುತ್ತಾನೆ.

“ಅಪ್ಪಗ ಹೇಳಬ್ಯಾಡ್ರಿ ಟೀಚರ್. ಭಟ್ಟಿ ಬಿಟ್ಟು ಓಡಿ ಬರತಾನ. ನೀವು ಸರ್‌ಗೆ ಅಷ್ಟ ಹೇಳ್ರಿ.”

ಹೇಳಿದೆ. ಸರ್ ಎಲ್ಲವನ್ನೂ ಕೇಳಿಸಿಕೊಂಡು, ಹೊಸ ಜಾಗದಲ್ಲಿ ಮೊದಮೊದಲು ಹೀಗೇ, ನಾನು ನೋಡಿಕೊಳ್ಳುತ್ತೇನೆ ಎಂದರು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ನಾನು ದಿನಕ್ಕೊಂದು ಪರಿಚಯದ ಬರಹ ಹಾಕಿದರೆ ಎಲ್ಲರಿಗೂ ಧೈರ್ಯ ಬರುತ್ತದೆ ಎಂದೂ ಹೇಳಿದರು. ಹಾಕಿದೆ. ಇಸಿಕ್-ಕುಲ್ ಬಗ್ಗೆ.

ಶೀತಲ ಹೇಳಬೇಡಿ ಎಂದಿದ್ದಾಳೆ. ಮಕ್ಕಳ ನಂಬಿಕೆ ಒಡೆಯುವುದು ಸರಿಯಲ್ಲ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಊರೆಲ್ಲ ಹಳದಿ ಕೆಂಪು ಬಾವುಟ, ಡಾಲ್ಬಿಯ ಸದ್ದಿಗೆ ಕಿಟಕಿ ಗಾಜು ನಡುಗುತ್ತಿದೆ. ಅವರ ಧ್ವಜದಲ್ಲೂ ಇವೇ ಎರಡು ಬಣ್ಣ ಎಂದು ಗುಂಪಿನಲ್ಲಿ ಬರೆದೆ. ಪಾಲಕರು ಹೂವಿನ ಚಿತ್ರಗಳ ಮಳೆ ಸುರಿಸಿದರು. ಮಾಯಕ್ಕ ಮಾತ್ರ, ರೋಹನನ ಫೋನು ಯಾಕೆ ಹತ್ತುತ್ತಿಲ್ಲ ಎಂದು ಕೇಳಿದ್ದರು. ಪರ್ವತ ಪ್ರದೇಶದಲ್ಲಿ ನೆಟ್‌ವರ್ಕ್ ಸಹಜವಾಗಿಯೇ ದುರ್ಬಲ ಎಂದು ಉತ್ತರಿಸಿದೆ. ಸರ್ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ನವೆಂಬರ್ 18, ಮಂಗಳವಾರ

ರೋಹನ ಧ್ವನಿ ಸಂದೇಶ ಕಳಿಸಿದ್ದಾನೆ, ಬೇರೆಯವರ ಫೋನಿನಿಂದ. ಗಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಕಾಲೇಜೇ ಇಲ್ಲ, ಬರೀ ಕಟ್ಟಡ ಐತಿ ಎಂದು ಹೇಳಿದಂತಿತ್ತು. ಹುಡುಗರನ್ನು ಕೆಲಸಕ್ಕೆ ಬರುತ್ತೀರಾ ಎಂದು ಕೇಳುತ್ತಿದ್ದಾರಂತೆ. ಏನು ಕೆಲಸ ಎಂಬಲ್ಲಿಗೆ ಸಂದೇಶ ತುಂಡಾಗಿದೆ.

ಸರ್‌ಗೆ ಕೇಳಿಸಿದೆ. ಈ ಹುಡುಗ ಮೊದಲಿನಿಂದಲೂ ಸ್ವಲ್ಪ ತಕರಾರಿನವನು ಎಂದರು. ನನ್ನ ಫೋನಿನಿಂದ ಆ ಸಂದೇಶವನ್ನು ಅವರೇ ಅಳಿಸಿದರು, ನನ್ನ ಒಪ್ಪಿಗೆ ಕೇಳಿಯೇ ಅಳಿಸಿದರು. ಬಹಳ ಸೌಜನ್ಯದ ಮನುಷ್ಯ.

ಎತ್ತರದ ಜಾಗದಲ್ಲಿ ಆಮ್ಲಜನಕ ಕಡಿಮೆ. ಕೆಲವರಿಗೆ ಕಾರಣವಿಲ್ಲದೆ ಭಯವಾಗುತ್ತದೆಂದು ಎಲ್ಲೋ ಓದಿದ್ದೆ.

ಡಿಸೆಂಬರ್ 2, ಮಂಗಳವಾರ

ಇಂದಿನ ಬರಹ: ಹಿಮಚಿರತೆ. ಅದು ಹತ್ತಿರದಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಬಂಡೆಯ ಬಣ್ಣವೇ ಅದರ ಬಣ್ಣ.

ಡಿಸೆಂಬರ್ 19, ಶುಕ್ರವಾರ

ಸರ್ ನನಗೆ ಸ್ವಂತ ಕೋಣೆ ಕೊಟ್ಟಿದ್ದಾರೆ. ಬಾಗಿಲ ಮೇಲೆ ಹೆಸರಿನ ಫಲಕ. ಭಾಯಿ ಬಂದು ನೋಡಿ, ಫಲಕದ ಮೇಲೆ ಬೆರಳಾಡಿಸಿ ಹೋದ. ಹೋಗುವ ಮುಂಚೆ ಸರ್ ಅವನನ್ನು ತಮ್ಮ ಕೋಣೆಗೆ ಕರೆದು ಚಹಾ ಕುಡಿಸಿದರು. ಬಹಳ ಹೊತ್ತು ಮಾತಾಡಿದರು. ಏನೆಂದು ಭಾಯಿ ಹೇಳಲಿಲ್ಲ, ಮುಸಿಮುಸಿ ನಗುತ್ತಿದ್ದ.

ಮಧ್ಯಾಹ್ನ ಶೀತಲಳ ಫೋನು. ದನಿ ಕಟ್ಟಿತ್ತು. ಗಾಳಿ ಒಣಗಿರುತ್ತದೆ. ಕೋಣೆ ಕಾಯಿಸುವ ಪೈಪು ಕೆಟ್ಟಿದೆಯಂತೆ, ಬಾಟಲಿಯ ನೀರು ಬೆಳಿಗ್ಗೆಗೆ ಕಲ್ಲಾಗಿರುತ್ತದಂತೆ. ಎರಡು ಕಾಲುಚೀಲ ಹಾಕಿಕೋ ಎಂದೆ. ಹಾಕಿಕೊಂಡಿದ್ದೇನೆ ಎಂದಳು. ರೋಹನ ಹೇಗಿದ್ದಾನೆ ಎಂದು ಕೇಳಿದೆ.

“ಅವನ್ನ ಸೋಮವಾರ ಗಾಡಿಯೊಳಗ ಕರಕೊಂಡ ಹೋದ್ರಿ ಟೀಚರ್. ಇನ್ನೂ ಬಂದಿಲ್ಲ.”

ಯಾರು, ಎಲ್ಲಿಗೆ ಎನ್ನುವಷ್ಟರಲ್ಲಿ ಕರೆ ಕಡಿಯಿತು. ಅವರೆಲ್ಲ ಚಳಿಗಾಲದ ರಜೆಗೆ ಎಲ್ಲಿಗಾದರೂ ಪ್ರವಾಸ ಹೋಗಿರಬಹುದು. ಅಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಒಳ್ಳೆಯ ಜಾಗಗಳಿವೆ. ನಾಳೆಯ ಬರಹಕ್ಕೆ ಅದೇ ಆಗಬಹುದು.

ಜನವರಿ 7, 2026, ಬುಧವಾರ

ಕಚೇರಿಯಿಂದ ಬಂದರೆ ಮನೆಯಲ್ಲಿ ಪೇಢೆ ಹಂಚುತ್ತಿದ್ದರು. ಸಿಮ್ರನ ನನ್ನನ್ನು ತಬ್ಬಿಕೊಂಡು, ಫೆಬ್ರವರಿ ತಂಡದಲ್ಲಿ ತಾನೂ ಹೋಗುತ್ತಿದ್ದೇನೆ ಎಂದಳು. ಸಿಬ್ಬಂದಿಯ ಮನೆಯ ಹುಡುಗಿ ಎಂದು ಪರಾಗ ಸರ್ ಒಂದು ಸೀಟು ಉಚಿತವಾಗಿ ಕೊಟ್ಟಿದ್ದಾರಂತೆ. ನನಗೆ ಖುಷಿಯ ಸುದ್ದಿ ಒಮ್ಮೆಲೇ ಹೇಳೋಣವೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಪಾಸ್‌ಪೋರ್ಟನ್ನು ಭಾಯಿ ಆಗಲೇ ಕೊಟ್ಟು ಬಂದಿದ್ದಾನೆ.

ನಾನು ಬೇಡ ಎಂದೆ. ಅವಳಿಗೆ ಚಿಕ್ಕಂದಿನಲ್ಲಿ ದಮ್ಮು ಇತ್ತು, ಚಳಿ ಒಗ್ಗುವುದಿಲ್ಲ ಎಂದೆ. ಊಟ ಒಗ್ಗುವುದಿಲ್ಲ, ಭಾಷೆ ಬರುವುದಿಲ್ಲ, ಇನ್ನೊಂದು ವರ್ಷ ಇಲ್ಲೇ ಓದಲಿ ಎಂದೆ. ಭಾಯಿಯ ಮುಖ ಬಾಡಿತು. ಭಾಭಿ ಪೇಢೆಯ ಡಬ್ಬಿಯ ಮುಚ್ಚಳ ಹಾಕಿದಳು.

ಸಿಮ್ರನ ನನ್ನ ಕಡೆ ತಿರುಗಿದಳು. ನಮ್ಮ ಮನೆಮಾತಿನಲ್ಲಿ, ಗಲಾಟೆಯಿಲ್ಲದೆ ಕೇಳಿದಳು: “ಬೇರೆಯವರ ಮಕ್ಕಳಿಗಾದರೆ ಜನ್ನತ್, ನನಗಾದರೆ ಮಾತ್ರ ದೋಜಖ್ ಏನು ಫುಪ್ಪು?”

ಸ್ವರ್ಗ, ನರಕ ಎಂಬ ಆ ಎರಡು ಶಬ್ದ ಹೊತ್ತುಕೊಂಡು ಕೋಣೆಗೆ ಬಂದೆ.

ಜನವರಿ 8, ಗುರುವಾರ

ಪಾಸ್‌ಪೋರ್ಟು ವಾಪಸು ಕೊಡಿ ಎಂದು ಸರ್‌ಗೆ ಕೇಳಿದೆ. ವೀಸಾಕ್ಕೆ ದಿಲ್ಲಿಗೆ ಹೋಗಿದೆ ಎಂದರು. ಹಾಗಾದರೆ ಬರೆದುಕೊಡಿ ಎಂದೆ. ಅವರು ಚಹಾ ತರಿಸಿದರು, ಕಪ್ಪನ್ನು ನನ್ನ ಕಡೆ ಸರಿಸಿದರು.

“ಯಾಕ ಹೆದರತೀರಿ ಮೇಡಂ? ಆ ದೇಶದ ಬಗ್ಗೆ ಬೆಳಗಾವ್ಯಾಗ ನಿಮ್ಮಷ್ಟು ಯಾರಿಗಿ ಗೊತ್ತೈತಿ? ಎಲ್ಲಾ ನೀವ ಬರದದ್ದು. ದನಿಯೂ ನಿಮ್ಮದ.”

ದನಿ ಏರಿಸದೆ, ಎಂದಿನ ಹಾಗೆಯೇ ಹೇಳಿದರು. ಚಹಾ ಕುಡಿಯದೆ ಎದ್ದು ಬಂದೆ.

ಶೀತಲಳ ಫೋನು ಬಂದ್ ಇದೆ. ನಿನ್ನೆಯೂ ಬಂದ್ ಇತ್ತು.

ಜನವರಿ 9, ಶುಕ್ರವಾರ

ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಮಲಪ್ರಭಾ ದಂಡೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಭಟ್ಟಿಗೆ ಬೆಂಕಿ ಹಾಕಿದ್ದರು, ಹತ್ತಿರ ಹೋದರೆ ಮುಖಕ್ಕೆ ಝಳ. ಕೃಷ್ಣಾಜಿ ಕೈ ಒರೆಸಿಕೊಳ್ಳುತ್ತ ಬಂದರು. ಬರ್ರಿ ಅಕ್ಕೋರ, ಶೀತಲಂದು ಏನರೆ ಸುದ್ದಿ ಐತೇನ್ರಿ ಎಂದು ನಗುತ್ತಲೇ ಕೇಳಿದರು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತುಂಡು ತುಂಡಾಗಿ ಹೇಳಿದೆ. ತರಗತಿ ಇಲ್ಲ. ಪಾಸ್‌ಪೋರ್ಟು ಇಲ್ಲ. ಕೋಣೆಗೆ ಬಿಸಿ ಇಲ್ಲ. ಒಬ್ಬ ಹುಡುಗನನ್ನು ಎಲ್ಲಿಗೋ ಕರೆದೊಯ್ದಿದ್ದಾರೆ. ಮೂರು ದಿನದಿಂದ ಶೀತಲಳ ಫೋನು ಹತ್ತುತ್ತಿಲ್ಲ.

ಸುಮನ್ ನಂಬಲಿಲ್ಲ. ಒಳಗಿನಿಂದ ಫೋನು ತಂದು ಗುಂಪಿನ ಬರಹ ತೋರಿಸಿದರು. ಹಿಮದ ಮೇಲೆ ಮಕ್ಕಳು ನಗುತ್ತಿರುವ ಚಿತ್ರ, ಕೆಳಗೆ ನನ್ನ ನಾಲ್ಕು ಸಾಲು. ಇದನ್ನು ನೀವೇ ಹಾಕಿದ್ದಲ್ಲವೇ, ನಾವು ಊಟಕ್ಕೆ ಮುಂಚೆ ದಿನಾ ಓದುತ್ತೇವೆ ಎಂದು ಮರಾಠಿಯಲ್ಲಿ ಹೇಳಿದರು. ಬಿಳಿ ಶಾಲಿನ ಸಾಲು ಅವರಿಗೆ ಬಾಯಿಪಾಠವಾಗಿತ್ತು. ಅದನ್ನು ನಂಬಿಯೇ ದಪ್ಪ ಕೋಟು ಬೇಡವೆಂದು ಬಿಟ್ಟಿದ್ದರು.

ಆ ಚಿತ್ರ ನಾನು ಎಲ್ಲಿಂದಲೋ ತೆಗೆದುಕೊಂಡದ್ದು, ಅದರಲ್ಲಿರುವವರು ನಮ್ಮ ಮಕ್ಕಳಲ್ಲ ಎಂದೆ.

ಕೃಷ್ಣಾಜಿ ನನ್ನ ಎದುರಿಗೆ ಬಂದು ನಿಂತರು. “ಪೋರಿ ಯಾವಾಗ ಹೇಳಿದ್ಲು ನಿಮಗ?”

“ದೀಪಾವಳಿಗಿ.”

ಅವರು ಬೈಯಲಿಲ್ಲ. ಕೈ ಎತ್ತಿದ್ದರೂ ನಾನು ನಿಂತುಕೊಳ್ಳುತ್ತಿದ್ದೆ. ಭಟ್ಟಿಯ ಕಡೆ ತಿರುಗಿ ಆಳುಗಳಿಗೆ ಬೆಂಕಿ ಆರಿಸಿ ಎಂದರು. ಅರ್ಧ ಬೆಂದ ಇಟ್ಟಂಗಿ ಎಲ್ಲ ಹಾಳಾಗುತ್ತದೆ ಎಂದು ಯಾರೋ ಅಂದರು. ಅವರು ಆಗಲೇ ಅಂಗಿ ಹಾಕಿಕೊಂಡು ರಸ್ತೆಗೆ ಇಳಿದಿದ್ದರು. ನಾನು ಹಿಂದೆ ಓಡಿದೆ. ಪೊಲೀಸ್ ಠಾಣೆಯ ಮೆಟ್ಟಿಲಲ್ಲಿ ಅವರನ್ನು ಸೇರಿಕೊಂಡೆ.

ಜನವರಿ 11, ಭಾನುವಾರ

ಎಲ್ಲವನ್ನೂ ಹೇಳಿದೆ. ಪುಸ್ತಿಕೆ, ವಿಡಿಯೊ, ಅಳಿಸಿದ ಸಂದೇಶ. ಮಹಿಳಾ ಅಧಿಕಾರಿಯೊಬ್ಬರು ಬರೆದುಕೊಂಡರು. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ, ನಿಮಗೆ ಯಾವಾಗ ಅನುಮಾನ ಬಂತು ಎಂದು ಕೇಳಿದರು. ಬಹಳ ಯೋಚಿಸಿ, ಜನವರಿ ಏಳಕ್ಕೆ ಎಂದೆ. ಅವರು ನನ್ನನ್ನು ನೋಡಿದರು, ಬರೆದುಕೊಂಡರು.

ಸದ್ಯಕ್ಕೆ ನೀವು ಸಾಕ್ಷಿ ಎಂದಿದ್ದಾರೆ. ಊರು ಬಿಟ್ಟು ಹೋಗುವಂತಿಲ್ಲ.

ನಿನ್ನೆ ಕಚೇರಿಯ ಬೀಗ ಒಡೆದರು. ಕಪಾಟಿನಲ್ಲಿ ಸಿಮ್ರನಳ ಪಾಸ್‌ಪೋರ್ಟು ಇತ್ತು, ದಿಲ್ಲಿಗೆ ಹೋಗಿರಲೇ ಇಲ್ಲ. ಪರಾಗ ಇಲ್ಲ. ಫೋನೂ ಇಲ್ಲ.

ಜನವರಿ 15, ಗುರುವಾರ

ಸುದ್ದಿ ಇಲ್ಲ. ರಾಯಭಾರ ಕಚೇರಿಗೆ ತಿಳಿಸಿದ್ದಾರೆ. ಊರಿನ ಹೆಸರು ಕೇಳುತ್ತಿದ್ದಾರೆ, ನನಗೆ ಗೊತ್ತಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕೇಳಬೇಕು ಎಂದುಕೊಂಡವಳು ಕೇಳಲೇ ಇಲ್ಲ.

ಮಾಯಕ್ಕ ರಜೆ ಹಾಕಿ ಮುಚ್ಚಿದ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ. ನಾನು ಆ ರಸ್ತೆ ಬಿಟ್ಟು ಸುತ್ತುಬಳಸಿ ಓಡಾಡುತ್ತೇನೆ.

ಜನವರಿ 18, ಭಾನುವಾರ

ಅಲ್ಲಿ ಇವತ್ತು ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ.

ಜನವರಿ 24, ಶನಿವಾರ

ಶೀತಲ ಸಿಕ್ಕಿದ್ದಾಳೆ.

ಅವಳೂ ಇನ್ನೊಬ್ಬ ಹುಡುಗಿಯೂ ತಿಂಗಳ ಮೊದಲಲ್ಲಿ ರಾತ್ರೋರಾತ್ರಿ ಸಾಗಿಸಿದ್ದ ಬೇರೊಂದು ಕಟ್ಟಡದಿಂದ ತಪ್ಪಿಸಿಕೊಂಡು ಹಿಮದಲ್ಲಿ ನಡೆದು ಕಣಿವೆಯ ಕೆಳಗಿನ ಊರಿಗೆ ಬಂದಿದ್ದರಂತೆ. ಕುದುರೆ ಸಾಕುವ ಮುದುಕಿಯೊಬ್ಬಳು ಬಾಗಿಲು ತೆರೆದು ಒಳಗೆ ಎಳೆದುಕೊಂಡು, ಒಲೆಯ ಪಕ್ಕ ಮಲಗಿಸಿ, ಮಗನನ್ನು ಆಸ್ಪತ್ರೆಗೆ ಓಡಿಸಿದ್ದಾಳೆ. ಅಲ್ಲಿಂದ ಸುದ್ದಿ ರಾಯಭಾರ ಕಚೇರಿಗೆ ಹೋಯಿತು, ಉಳಿದ ಮಕ್ಕಳನ್ನೂ ಅಲ್ಲಿನ ಪೊಲೀಸರು ಹೊರತಂದರು.

ಉಳಿದವರೆಲ್ಲ ಎಂದು ಬರೆಯಲಾರೆ. ರೋಹನ ಅವರ ಜೊತೆ ಇರಲಿಲ್ಲ.

ಫೆಬ್ರವರಿ 13, ಶುಕ್ರವಾರ

ಮಕ್ಕಳು ಬಂದರು. ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ, ಭಾಯಿ ಹೋಗಿದ್ದ. ಶೀತಲಳ ಬಲಗೈಗೆ ಬ್ಯಾಂಡೇಜು ಇದೆಯಂತೆ. ಎರಡು ಬೆರಳಿನ ತುದಿ ಕಪ್ಪಾಗಿದ್ದವು, ಅಲ್ಲೇ ತೆಗೆದಿದ್ದಾರೆ. ಭಾಯಿ ಇಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸಿಮ್ರನ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಅವಳು ನನ್ನ ಜೊತೆ ಮಾತು ಬಿಟ್ಟು ತಿಂಗಳ ಮೇಲಾಯಿತು. ಇವತ್ತು ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟಳು, ಹೋದಳು.

ಮಾರ್ಚ್ 5, ಗುರುವಾರ

ರಮಜಾನಿನ ರೋಜಾ. ಇಫ್ತಾರಿಗೆ ಖರ್ಜೂರ ತರಲು ಹೋದಾಗ ಅಂಗಡಿಯವನ ಫೋನಿನಿಂದ ನನ್ನ ದನಿ ಕೇಳಿಸಿತು. ಬೇರೆ ಸಂಸ್ಥೆಯ ಹೆಸರು, ಬೇರೆ ಚಿತ್ರಗಳು, ಬೇರೆ ಯಾವುದೋ ಪರ್ವತಗಳ ದೇಶ. ದೇಶದ ಹೆಸರು ಬರುವಲ್ಲಿ ಮಾತ್ರ ಒಂದು ಗಂಡು ದನಿ. ಮುಂದೆ ಮತ್ತೆ ನಾನು. ಇಡೀ ದೇಶ ಬಿಳಿ ಶಾಲು ಹೊದೆಯುತ್ತದೆ.

ಅಂಗಡಿಯವನ ತಂಗಿ ಈ ವರ್ಷ ಪರೀಕ್ಷೆ ಬರೆಯುತ್ತಾಳಂತೆ. ಅದು ನನ್ನ ದನಿ, ಅದನ್ನು ನಂಬಬೇಡಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹುಚ್ಚಿ ಎಂದುಕೊಂಡಿರಬೇಕು. ಅಲ್ಲೇ ನಿಂತು, ಜನ ಸೇರಿದರೂ ಬಿಡದೆ, ಮೊದಲಿನಿಂದ ಹೇಳಿದೆ. ಅಜಾನ್ ಆದದ್ದೂ ತಿಳಿಯಲಿಲ್ಲ. ನಾಳೆ ಠಾಣೆಗೆ ಹೋಗಿ ಇದನ್ನೂ ಕೊಟ್ಟು ಬರಬೇಕು.

ಮಾರ್ಚ್ 15, ಭಾನುವಾರ

ಶೀತಲ ನನ್ನನ್ನು ನೋಡಬೇಕು ಎಂದಳಂತೆ. ಕೃಷ್ಣಾಜಿ ಫೋನಿನಲ್ಲಿ ಅಷ್ಟೇ ಹೇಳಿ ಇಟ್ಟರು.

ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಮಾರ್ಚಿನ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು. ಸುಮನ್ ನನ್ನನ್ನು ಕುಂದರ್ರಿ ಎನ್ನಲಿಲ್ಲ. ಶೀತಲಳೇ ಎಡಗೈಯಿಂದ ಮಣೆ ಸರಿಸಿದಳು. ಬಲಗೈ ಮಡಿಲಲ್ಲಿತ್ತು, ನಾನು ಅದರ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟೆ.

ಅವಳು ಬೈಯಲು ಕರೆಸಿರಲಿಲ್ಲ. ರೋಹನನ ವಿಷಯ ಹೇಳಬೇಕಾಗಿತ್ತು. ಪೊಲೀಸರಿಗೂ ಹೇಳಿದ್ದಾಳೆ, ಆದರೆ ನಕಾಶೆ ಓದಲು ಬರುವವರು ನೀವು ಎಂದಳು. ಅವರು ಮೊದಲಿದ್ದ ಕಟ್ಟಡ ಎಲ್ಲಿತ್ತೆಂದು ಇನ್ನೂ ಪತ್ತೆಯಾಗಿಲ್ಲ. ಅಲ್ಲಿ ಹುಡುಗಿಯರ ಕೋಣೆಗೆ ಒಂದೇ ಕಿಟಕಿ. ಎದುರಿಗೆ ಒಂದು ಬೆಟ್ಟ, ನೆತ್ತಿ ಎರಡಾಗಿ ಒಡೆದಂತೆ, ಎಡಗಡೆಯದು ಚೂರು ಎತ್ತರ. ಅದರ ಬುಡ ಬಳಸಿ ಒಂದು ರಸ್ತೆ. ರೋಹನನನ್ನು ಹತ್ತಿಸಿಕೊಂಡ ಗಾಡಿ ಆ ರಸ್ತೆಯಲ್ಲೇ ಹೋಗಿ ಬೆಟ್ಟದ ಹಿಂದೆ ಮರೆಯಾಯಿತು. ಅವನು ಹಿಂದಿನ ಗಾಜಿನಿಂದ ಕೈ ಮಾಡಿದ.

“ದಿನಾ ಅದನ್ನ ನೋಡಕೋತ ಕುಂದರ್ತಿದ್ನಿ ಟೀಚರ್. ಬೆಟ್ಟ ಖರೇನ ಛಲೋ ಇತ್ತು. ನೀವು ಹೇಳಿದಂಗ.”

ಹೊರಟಾಗ ಕೃಷ್ಣಾಜಿ ಬಾಗಿಲವರೆಗೂ ಬರಲಿಲ್ಲ. ಭಟ್ಟಿಗೆ ಮತ್ತೆ ಬೆಂಕಿ ಹಾಕಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಮಾಯಕ್ಕ. ಹತ್ತಿದ ಮೇಲೆಯೇ ನೋಡಿದ್ದು, ಇಳಿಯಲು ಆಗಲಿಲ್ಲ. ಅವರು ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ, ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಶೀತಲ ಅವರಿಗೂ ಹೇಳಿದ್ದಳೆಂದು ಕಾಣುತ್ತದೆ.

“ಅಕ್ಕೋರ, ಆ ಗುಡ್ಡಕ್ಕ ಹೆಸರೇನ್ರಿ? ಸಾಹೇಬರು ಕೇಳಾಕತ್ತಾರ. ಹೆಸರು ಹೇಳಿದ್ರ ಹುಡುಕತಾರಂತ.”

ಫೋನಿನಲ್ಲಿ ನಕಾಶೆ ತೆರೆದೆ. ದೊಡ್ಡದು ಮಾಡಿದೆ, ಸರಿಸಿದೆ, ಮತ್ತೆ ದೊಡ್ಡದು ಮಾಡಿದೆ. ಎಲ್ಲಿ ನೋಡಿದರೂ ಕಂದು, ಬಿಳಿ, ಕಂದು. ಅವರು ನನ್ನ ಬೆರಳನ್ನೇ ನೋಡುತ್ತ ಕೂತಿದ್ದರು.

“ಗೊತ್ತಿಲ್ರಿ ಮಾಯಕ್ಕಾ,” ಎಂದೆ.

ಅವರು ತಲೆಯಾಡಿಸಿದರು. ದೇಸೂರಿನ ಹತ್ತಿರ ಯಾರೋ ಇಳಿಯಬೇಕು ಎಂದು ಕೂಗಿದರು. ಮಾಯಕ್ಕ ಎದ್ದು ನಿಂತು ಸೀಟಿ ಊದಿದರು.